ಕಿತ್ತು ಬರುವುದು ಕೂಡಿಸಿದ ಜಾಗದಲ್ಲೇ: ಚಿಕ್ಕ ಮಕ್ಕಳ ಬ್ಯಾಗು ಮತ್ತು ಊಟದ ಡಬ್ಬಿ

(ಪೋಷಕರು ಮತ್ತು ಶಿಕ್ಷಕರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಹಾಳಾಗಿ ಬಿದ್ದಿರುವ ಸ್ಕೂಲ್ ಬ್ಯಾಗು, ಊಟದ ಡಬ್ಬಿ ಇದ್ದರೆ ತನ್ನಿ ಎಂದು ಕೇಳಿಕೊಂಡಿದ್ದೆ. ತುಂಬಾ ಜನ ತಂದಿದ್ದೀರಿ, ಮೇಜು ತುಂಬಿದೆ. ಮೊದಲು ಇವನ್ನೇ ಸ್ವಲ್ಪ ನೋಡೋಣ. ನಡುವೆ ಬಟ್ಟೆ ಹರಿದ ಬ್ಯಾಗು ಇಲ್ಲಿ ಒಂದೂ ಕಾಣುತ್ತಿಲ್ಲ. ಇದರಲ್ಲಿ ಭುಜದ ಪಟ್ಟಿ ಬುಡದಿಂದ ಕಿತ್ತು ಬಂದಿದೆ. ಇದರ ಜಿಪ್ ಎಳೆದರೆ ಮುಂದೆ ಮುಚ್ಚುತ್ತದೆ, ಹಿಂದೆ ಬಾಯಿ ಬಿಡುತ್ತದೆ. ಇದರ ತಳದ ಮೂಲೆಯಲ್ಲಿ ಹೊಲಿಗೆ ಬಿಟ್ಟಿದೆ. ಡಬ್ಬಿಗಳ ಕಥೆಯೂ ಅದೇ. ಡಬ್ಬಿ ಸರಿಯಾಗಿಯೇ ಇದೆ. ಆದರೆ ಮುಚ್ಚಳದ ಕ್ಲಿಪ್ ಮುರಿದಿದೆ, ಇಲ್ಲಾ ಒಳಗಿನ ರಬ್ಬರ್ ಕಳೆದುಹೋಗಿದೆ.

ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ. ವಸ್ತು ಹಾಳಾಗುವುದು ಎರಡು ಭಾಗ ಕೂಡುವ ಜಾಗದಲ್ಲಿ. ಪಟ್ಟಿ ಬಟ್ಟೆಗೆ ಕೂಡುವಲ್ಲಿ, ಜಿಪ್ಪಿನ ಎರಡು ಸಾಲು ಕೂಡುವಲ್ಲಿ, ಮುಚ್ಚಳ ಡಬ್ಬಿಗೆ ಕೂಡುವಲ್ಲಿ. ಅಂಗಡಿಯಲ್ಲಿ ನಮ್ಮ ಕಣ್ಣು ಹೋಗುವುದು ಬಟ್ಟೆ, ಬಣ್ಣ, ಚಿತ್ರದ ಕಡೆಗೆ. ಬಾಳಿಕೆ ಇರುವುದು ಅಲ್ಲಲ್ಲ. ಇದರ ಜೊತೆ ಇನ್ನೊಂದು ಮಾತೂ ಇದೆ. ನಾಲ್ಕರಿಂದ ಎಂಟು ವರ್ಷದ ಮಗುವಿಗೆ ತಾನೇ ತೆಗೆದು ಮುಚ್ಚಲು ಬಾರದ ವಸ್ತು ಎಷ್ಟು ಗಟ್ಟಿ ಇದ್ದರೂ ಉಳಿಯುವುದಿಲ್ಲ. ಬಾರದಿದ್ದಾಗ ಮಗು ಬಲ ಹಾಕುತ್ತದೆ. ಆ ಬಲ ನೇರವಾಗಿ ಹೋಗಿ ಬೀಳುವುದು ಈ ಕೂಡುವ ಜಾಗಗಳ ಮೇಲೆ.

ಗಟ್ಟಿ ಎಂದರೆ ಭಾರ ಅಲ್ಲ

"ಗಟ್ಟಿಯಾದದ್ದು ಕೊಡಿ" ಎಂದು ಕೇಳಿದರೆ ಅಂಗಡಿಯವರು ದಪ್ಪದ ಬ್ಯಾಗನ್ನೇ ತೋರಿಸುತ್ತಾರೆ. ಅಲ್ಲೇ ಒಂದು ಲೆಕ್ಕ ಹಾಕಬೇಕು. ಆರು ವರ್ಷದ ಮಗುವಿನ ತೂಕ ಸುಮಾರು 20 ಕಿಲೋ. ಚಿಕ್ಕ ಮಕ್ಕಳು ಬೆನ್ನಿನ ಮೇಲೆ ಹೊರುವ ಭಾರ ಅವರ ತೂಕದ ಶೇ. 10ರ ಆಸುಪಾಸಿನಲ್ಲಿ ಇರಲಿ ಎನ್ನುವುದು ಬಹಳ ಕಡೆ ಒಪ್ಪಿಕೊಂಡಿರುವ ಮಾತು. ಅಂದರೆ 2 ಕಿಲೋ. ಈಗ ಕೂಡಿಸುತ್ತಾ ಹೋಗಿ. ಅರ್ಧ ಲೀಟರ್ ನೀರು ಎಂದರೆ 500 ಗ್ರಾಂ. ಅದರ ಸ್ಟೀಲ್ ಬಾಟಲಿಗೆ 200 ಗ್ರಾಂ ಇಟ್ಟುಕೊಳ್ಳಿ. ಊಟ ಮತ್ತು ಡಬ್ಬಿ ಸೇರಿ ಇನ್ನೊಂದು 500 ಗ್ರಾಂ. ಖಾಲಿ ಬ್ಯಾಗೇ 800 ಗ್ರಾಂ ಇದ್ದರೆ ಎಲ್ಲ ಸೇರಿ ಎರಡು ಕಿಲೋ ಆಗಿಯೇ ಹೋಯಿತು. ಇನ್ನೂ ಒಂದು ಪುಸ್ತಕವನ್ನೂ ಒಳಗೆ ಇಟ್ಟಿಲ್ಲ!

ಆದ್ದರಿಂದ ಈ ವಯಸ್ಸಿಗೆ ಖಾಲಿ ಬ್ಯಾಗಿನ ತೂಕ ಅರ್ಧ ಕಿಲೋ ಒಳಗೆ ಇರಲಿ. ಬ್ಯಾಗಿನ ಚೀಟಿಯಲ್ಲಿ ತೂಕ ಬರೆದಿರದಿದ್ದರೆ ತೂಗಿ ನೋಡಿ. ಯಾವ ಪುಸ್ತಕ ತರಬೇಕು ಎನ್ನುವುದು ಪೋಷಕರ ಕೈಯಲ್ಲಿಲ್ಲ. ಬ್ಯಾಗು, ಡಬ್ಬಿ, ಬಾಟಲಿ ಮೂರೂ ಅವರ ಕೈಯಲ್ಲೇ ಇವೆ. ಶಿಕ್ಷಕರೂ ಇಲ್ಲಿದ್ದೀರಿ, ನಿಮ್ಮನ್ನು ಒಂದು ಕೇಳಿಕೊಳ್ಳುತ್ತೇನೆ. ಶಾಲೆಯಲ್ಲಿ ಒಳ್ಳೆಯ ಕುಡಿಯುವ ನೀರು ಸಿಗುತ್ತದೆ ಎಂದಾದರೆ ಅದನ್ನು ಪೋಷಕರಿಗೆ ಸ್ಪಷ್ಟವಾಗಿ ಹೇಳಿ. ಬಾಟಲಿಯನ್ನು ಅರ್ಧ ಮಾತ್ರ ತುಂಬಿಸಿ ಕಳಿಸಿದರೆ ಮಗುವಿನ ಬೆನ್ನಿನಿಂದ ಕಾಲು ಕಿಲೋ ಇಳಿಯುತ್ತದೆ. ಯಾವ ದುಬಾರಿ ಬ್ಯಾಗೂ ಇಷ್ಟು ಸುಲಭವಾಗಿ ಕಾಲು ಕಿಲೋ ಇಳಿಸುವುದಿಲ್ಲ.

ಇನ್ನು ಅಳತೆ. "ಮಗು ಬೆಳೆಯುತ್ತೆ, ಸ್ವಲ್ಪ ದೊಡ್ಡದೇ ಇರಲಿ" ಎಂದು ನಾವೆಲ್ಲ ಬಟ್ಟೆ ಕೊಳ್ಳುವಾಗ ಹೇಳುತ್ತೇವೆ, ಅಲ್ವಾ? ಬ್ಯಾಗಿಗೆ ಈ ಲೆಕ್ಕ ನಡೆಯುವುದಿಲ್ಲ. ದೊಡ್ಡ ಬ್ಯಾಗು ಸೊಂಟದಿಂದ ಕೆಳಗೆ ಜೋತುಬೀಳುತ್ತದೆ. ಹಿಂದಕ್ಕೆ ಎಳೆಯುತ್ತದೆ. ಅದನ್ನು ಸರಿದೂಗಿಸಲು ಮಗು ಮುಂದಕ್ಕೆ ಬಾಗಿ ನಡೆಯುತ್ತದೆ. ಕೂತಾಗ, ಮೆಟ್ಟಿಲು ಇಳಿಯುವಾಗ ಬ್ಯಾಗಿನ ತಳ ನೆಲಕ್ಕೆ ಉಜ್ಜುತ್ತದೆ, ಮೂಲೆಗಳು ಬೇಗ ಸವೆಯುತ್ತವೆ. ಜಾಗ ಜಾಸ್ತಿ ಇದೆ ಎಂದು ಸಾಮಾನೂ ಜಾಸ್ತಿ ಒಳಗೆ ಹೋಗುತ್ತದೆ. ಹಾಗಾಗಿ ಎರಡು ವರ್ಷ ಬರಲಿ ಎಂದು ಕೊಂಡ ದೊಡ್ಡ ಬ್ಯಾಗೇ ಮೊದಲು ಕೈಕೊಡುತ್ತದೆ.

ಮಗುವಿನ ಬೆನ್ನಿಗೆ ಹಾಕಿಯೇ ನೋಡಿ. ಮೇಲಿನ ಅಂಚು ಭುಜ ದಾಟಬಾರದು. ಕೆಳಗಿನ ಅಂಚು ಸೊಂಟದಿಂದ 10 ಸೆಂ.ಮೀ.ಗಿಂತ ಕೆಳಗೆ ಇಳಿಯಬಾರದು. ಈ ವಯಸ್ಸಿಗೆ 10ರಿಂದ 15 ಲೀಟರ್ ಸಾಕಾಗುತ್ತದೆ. ಎ4 ಹಾಳೆಯ ಉದ್ದ 29.7 ಸೆಂ.ಮೀ. ಶಾಲೆಯಲ್ಲಿ ಆ ಅಳತೆಯ ಫೈಲು ಕೊಡುತ್ತಾರಾದರೆ ಅದನ್ನೇ ಅಂಗಡಿಗೆ ತೆಗೆದುಕೊಂಡು ಹೋಗಿ ಒಳಗಿಟ್ಟು ನೋಡಿ. ಫೈಲಿನ ಮೂಲೆ ಜಿಪ್ಪಿಗೆ ಒತ್ತುತ್ತಿದ್ದರೆ ಆ ಜಿಪ್ ಆ ಮೂಲೆಯಲ್ಲೇ ಬಿಡುತ್ತದೆ.

ಬಟ್ಟೆಯ ಬಗ್ಗೆ ಸ್ವಲ್ಪ

ಚೀಟಿಯ ಮೇಲೆ 600ಡಿ, 420ಡಿ ಎಂದೆಲ್ಲ ಬರೆದಿರುತ್ತಾರೆ. ಡಿ ಎಂದರೆ ಡೆನಿಯರ್. 9,000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೆ ಎನ್ನುವ ಲೆಕ್ಕ ಅದು. ಸಂಖ್ಯೆ ದೊಡ್ಡದಾದಷ್ಟೂ ನೂಲು ದಪ್ಪ. ಆದರೆ ದಪ್ಪ ಎಂದ ಮಾತ್ರಕ್ಕೆ ಗಟ್ಟಿ ಎಂದಲ್ಲ. ನೇಯ್ಗೆ ಸಡಿಲ ಇದ್ದರೆ ದಪ್ಪ ನೂಲಿನ ಬಟ್ಟೆಯೂ ಬೇಗ ಎಳೆ ಬಿಡುತ್ತದೆ. ಉಜ್ಜಾಟ ತಡೆಯುವುದರಲ್ಲಿ ನೈಲಾನ್ ಮೇಲು. ಪಾಲಿಯೆಸ್ಟರ್ ಬಿಸಿಲು ತಡೆಯುತ್ತದೆ, ನೀರನ್ನೂ ಕಡಿಮೆ ಹೀರುತ್ತದೆ. ಮಕ್ಕಳ ಬ್ಯಾಗಿಗೆ ಒತ್ತಾಗಿ ನೇಯ್ದ 600 ಡೆನಿಯರ್ ಪಾಲಿಯೆಸ್ಟರ್ ಸಾಕು. ತಳಕ್ಕೆ ಎರಡನೇ ಪದರ ಇದ್ದರೆ ಇನ್ನೂ ಒಳ್ಳೆಯದು.

ಬಟ್ಟೆಯ ಒಳಮೈಗೆ ಸಾಮಾನ್ಯವಾಗಿ ಪಾಲಿಯುರಿಥೇನ್ ಲೇಪ ಇರುತ್ತದೆ. ನೀರು ತಡೆಯುವುದು ಅದೇ. ಮೂಲೆಯಲ್ಲಿ ಬೆರಳಿನಿಂದ ಬಟ್ಟೆಯನ್ನು ಬಲವಾಗಿ ಉಜ್ಜಿ ನೋಡಿ. ಹೊಸ ಬ್ಯಾಗಿನಲ್ಲೇ ಪುಡಿ ಉದುರಿದರೆ ಬೇಡ. ಲೇಪ ಎಷ್ಟೇ ಚೆನ್ನಾಗಿದ್ದರೂ ಹೊಲಿಗೆಯ ತೂತು ಮತ್ತು ಜಿಪ್ಪಿನ ಸಂದಿಯಿಂದ ನೀರು ಇಳಿಯುತ್ತದೆ. ಜೋರು ಮಳೆಗೆ ಮೇಲುಹೊದಿಕೆ ಬೇಕೇ ಬೇಕು.

ಬ್ಯಾಗನ್ನು ಒಳಗುಹೊರಗು ಮಾಡಿ

ಅಂಗಡಿಯಲ್ಲಿ ಸಂಕೋಚ ಬೇಡ. ಬ್ಯಾಗಿನ ಒಳಮೈ ಹೊರಗೆ ತೆಗೆಯಿರಿ. ಹೊಲಿಗೆಯ ಅಂಚಿಗೆ ಇನ್ನೊಂದು ಪಟ್ಟಿ ಸುತ್ತಿ ಹೊಲಿದಿದ್ದಾರಾ? ಇಲ್ಲಾ ಕತ್ತರಿಸಿದ ಬಟ್ಟೆಯ ಅಂಚು ಹಾಗೇ ಎಳೆಎಳೆಯಾಗಿ ಕಾಣುತ್ತಿದೆಯಾ? ಬರೀ ಕತ್ತರಿಸಿ ಬಿಟ್ಟ ಅಂಚು ದಿನಾ ಒಂದೊಂದು ಎಳೆ ಬಿಟ್ಟು ಕೊನೆಗೆ ಹೊಲಿಗೆಯ ತನಕ ಬರುತ್ತದೆ. ಆಮೇಲೆ ಹೊಲಿಗೆಗೆ ಹಿಡಿದುಕೊಳ್ಳಲು ಬಟ್ಟೆಯೇ ಇರುವುದಿಲ್ಲ. ಇಂಥ ಬ್ಯಾಗನ್ನು ಮತ್ತೆ ಹೊಲಿಸುವುದೂ ಕಷ್ಟ.

ಆಮೇಲೆ ನಾಲ್ಕು ಜಾಗ ನೋಡಿ. ಎರಡು ಭುಜಪಟ್ಟಿಗಳು ಮೇಲೆ ಸೇರುವಲ್ಲಿ, ಅವೇ ಪಟ್ಟಿಗಳು ತಳದ ಮೂಲೆಗೆ ಸೇರುವಲ್ಲಿ, ಕೈಯಲ್ಲಿ ಹಿಡಿಯುವ ಕುಣಿಕೆಯ ಬುಡದಲ್ಲಿ, ಜಿಪ್ಪಿನ ಎರಡು ತುದಿಗಳಲ್ಲಿ. ಇಲ್ಲೆಲ್ಲ ಒಂದೇ ಸಾಲು ಹೊಲಿಗೆ ಸಾಲದು. ಒತ್ತೊತ್ತಾಗಿ ಅಡ್ಡಹೊಲಿಗೆ ಹಾಕಿರಬೇಕು, ಇಲ್ಲವೇ ಚೌಕ ಹಾಕಿ ಅದರೊಳಗೆ ಅಡ್ಡಗೆರೆಗಳನ್ನು ಹೊಲಿದಿರಬೇಕು. ತಳದ ಮೂಲೆಯಲ್ಲಿ ಪಟ್ಟಿಯನ್ನು ಒಂದು ತ್ರಿಕೋನದ ಬಟ್ಟೆಗೆ ಹೊಲಿದು, ಆ ತ್ರಿಕೋನವನ್ನು ಬ್ಯಾಗಿನ ಹೊಲಿಗೆಯೊಳಗೆ ಸೇರಿಸಿದ್ದರೆ ಎಳೆತ ಒಂದೇ ಬಿಂದುವಿಗೆ ಬೀಳದೆ ಹರಡುತ್ತದೆ. ಬರೀ ಪಟ್ಟಿಯ ತುದಿಯನ್ನು ಸಂದಿಗೆ ತುರುಕಿ ಹೊಲಿದಿದ್ದರೆ ಅದು ಬಿಡುವುದು ಖಂಡಿತ.

ಕುಣಿಕೆಯ ಬಗ್ಗೆ ಯಾರೂ ಜಾಸ್ತಿ ಯೋಚಿಸುವುದಿಲ್ಲ. ಆದರೆ ಈ ವಯಸ್ಸಿನ ಮಕ್ಕಳು ಬ್ಯಾಗನ್ನು ಬೆನ್ನಿಗೆ ಹಾಕುವುದಕ್ಕಿಂತ ಕುಣಿಕೆ ಹಿಡಿದು ಎಳೆದುಕೊಂಡು ಹೋಗುವುದೇ ಜಾಸ್ತಿ. ಕೊಕ್ಕೆಗೆ ತಗುಲಿಸುವುದೂ ಅದರಿಂದಲೇ. ಒಳಗೆ ಎರಡು ಕಿಲೋ ಸಾಮಾನಿಟ್ಟು, ಕುಣಿಕೆ ಹಿಡಿದು ನಾಲ್ಕೈದು ಸಲ ಜೋರಾಗಿ ಜಗ್ಗಿ ನೋಡಿ. ಹೊಲಿಗೆಯ ತೂತುಗಳು ಅಗಲವಾದರೆ ಅದು ಬಾಳುವುದಿಲ್ಲ.

ಜಿಪ್

ಇದಕ್ಕೆ ಸ್ವಲ್ಪ ಜಾಸ್ತಿ ಸಮಯ ಕೊಡುತ್ತೇನೆ. ಬ್ಯಾಗು ಮೂಲೆ ಸೇರುವುದಕ್ಕೆ ಬಹಳ ಸಲ ಇದೇ ಕಾರಣ.

ಜಿಪ್ ಹಾಳಾಯಿತು ಎಂದಾಗ ಹಲ್ಲು ಹೋಯಿತು ಎಂದುಕೊಳ್ಳುತ್ತೇವೆ. ಬಹಳ ಸಲ ಹಲ್ಲು ಚೆನ್ನಾಗಿಯೇ ಇರುತ್ತದೆ, ಸವೆದಿರುವುದು ರನ್ನರ್. ರನ್ನರ್ ಕೆಲಸ ಎರಡು ಸಾಲನ್ನು ಒತ್ತಿ ಒಂದರೊಳಗೊಂದು ಸೇರಿಸುವುದು. ತುಂಬಿದ ಬ್ಯಾಗನ್ನು ಬಲವಂತವಾಗಿ ಮುಚ್ಚುತ್ತಾ ಹೋದರೆ ರನ್ನರ್ ಬಾಯಿ ಸ್ವಲ್ಪ ಸ್ವಲ್ಪ ಅಗಲವಾಗುತ್ತದೆ. ಒಂದು ದಿನ ಅದಕ್ಕೆ ಒತ್ತುವ ಬಲವೇ ಇರುವುದಿಲ್ಲ. ಮುಂದೆ ಹೋಗುತ್ತದೆ, ಹಿಂದೆ ಬಿಚ್ಚಿಕೊಳ್ಳುತ್ತದೆ. ಆಗ ಸಣ್ಣ ಇಕ್ಕಳ ತೆಗೆದುಕೊಂಡು ರನ್ನರ್‌ನ ಹಿಂಬದಿಯ ಎರಡು ಪಕ್ಕಗಳನ್ನು ಹಗುರವಾಗಿ ಒತ್ತಿ. ಒಂದು ಪಕ್ಕ ಸ್ವಲ್ಪ, ಇನ್ನೊಂದು ಪಕ್ಕ ಸ್ವಲ್ಪ, ನಡುನಡುವೆ ಎಳೆದು ನೋಡುತ್ತಾ ಇರಿ. ತುಂಬಾ ಒತ್ತಿದರೆ ರನ್ನರ್ ಒಡೆಯುತ್ತದೆ. ಇದರಿಂದ ಸರಿಯಾಗದಿದ್ದರೆ ಬ್ಯಾಗು ಹೊಲಿಯುವವರು ಹೊಸ ರನ್ನರ್ ಹಾಕಿಕೊಡುತ್ತಾರೆ. ಇಡೀ ಜಿಪ್ ಬದಲಿಸಬೇಕಿಲ್ಲ. ಇಲ್ಲಿ ಮೇಜಿನ ಮೇಲೆ ಜಿಪ್ ಬಿಟ್ಟಿರುವ ಬ್ಯಾಗುಗಳನ್ನು ದಯವಿಟ್ಟು ಎಸೆಯಬೇಡಿ, ಮೊದಲು ಇದನ್ನು ಮಾಡಿ ನೋಡಿ.

ಕೊಳ್ಳುವಾಗ ರನ್ನರ್ ಹಿಂಬದಿ ತಿರುಗಿಸಿ ನೋಡಿ. ಬಹಳಷ್ಟು ರನ್ನರ್‌ಗಳ ಮೇಲೆ 3, 5, 8 ಅಥವಾ 10 ಎಂದು ಅಚ್ಚು ಇರುತ್ತದೆ. ಮುಚ್ಚಿದ ಹಲ್ಲುಸಾಲಿನ ಅಗಲ ಸುಮಾರು ಎಷ್ಟು ಮಿಲಿಮೀಟರ್ ಎಂದು ಅದು ಹೇಳುತ್ತದೆ. 3 ಪೆನ್ಸಿಲ್ ಪೌಚಿಗೆ ಸರಿ. ಬ್ಯಾಗಿನ ದೊಡ್ಡ ಖಾನೆಗೆ ಕಡಿಮೆ ಎಂದರೂ 5 ಇರಲಿ, 8 ಇದ್ದರೆ ನಿಶ್ಚಿಂತೆ. ಸುರುಳಿ ಹಲ್ಲಿನ ನೈಲಾನ್ ಜಿಪ್ ಬಾಗುವ ದಾರಿಯಲ್ಲಿ ಸುಲಭವಾಗಿ ಓಡುತ್ತದೆ. ನಡುವೆ ಬಾಯಿ ಬಿಟ್ಟರೂ ರನ್ನರ್ ಹಿಂದೆ ಮುಂದೆ ಎಳೆದರೆ ಮತ್ತೆ ಕೂಡಿಕೊಳ್ಳುತ್ತದೆ. ಬಿಡಿ ಹಲ್ಲಿನ ಪ್ಲಾಸ್ಟಿಕ್ ಜಿಪ್ಪಿನಲ್ಲಿ ಒಂದು ಹಲ್ಲು ಮುರಿದರೆ ಅಲ್ಲಿಗೆ ಮುಗಿಯಿತು. ಮಕ್ಕಳ ಬ್ಯಾಗಿಗೆ ನಾನು ಸುರುಳಿ ಜಿಪ್ಪನ್ನೇ ಆರಿಸುತ್ತೇನೆ.

ಜಿಪ್ಪಿನ ದಾರಿ ಮೂಲೆಯಲ್ಲಿ ಥಟ್ಟನೆ ತಿರುಗಬಾರದು, ಅಗಲವಾಗಿ ಬಾಗಿರಬೇಕು. ಚಿಕ್ಕ ಬೆರಳಿಗೆ ಲೋಹದ ಸಣ್ಣ ನಾಲಿಗೆ ಹಿಡಿಯಲು ಸಿಗುವುದಿಲ್ಲ. ಅದಕ್ಕೆ ದಪ್ಪ ದಾರದ ಕುಣಿಕೆ ಕಟ್ಟಿಕೊಡಿ. ಇಷ್ಟು ಮಾಡಿದರೆ ಮಗು ಜಿಪ್ಪನ್ನು ನೇರವಾಗಿ ಎಳೆಯುತ್ತದೆ, ಪಕ್ಕಕ್ಕೆ ಜಗ್ಗುವುದಿಲ್ಲ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಭುಜಪಟ್ಟಿ 4ರಿಂದ 5 ಸೆಂ.ಮೀ. ಅಗಲ ಇರಲಿ. ಒಳಗಿನ ಫೋಮ್ ಒತ್ತಿಬಿಟ್ಟಾಗ ತಕ್ಷಣ ಮೇಲೆ ಬರಬೇಕು. ಎದೆಯ ಮೇಲೆ ಹಾಕುವ ಸಣ್ಣ ಪಟ್ಟಿ ಇದ್ದರೆ ಜಾರುವ ಭುಜಗಳಿಗೆ ಅನುಕೂಲ, ಆದರೆ ಅದರ ಬಕಲ್ ಮಗುವಿಗೆ ಬಿಚ್ಚಲು ಬರಬೇಕು. ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಇರುವುದು ಒಳ್ಳೆಯದು. ಮಗುವಿನ ಹೆಸರನ್ನು ಬ್ಯಾಗಿನ ಒಳಗೆ ಬರೆಯಿರಿ. ಗುರುತಿಲ್ಲದವರು ಹೆಸರು ಹಿಡಿದು ಕರೆಯುವಂತಾಗಬಾರದು. ಚಕ್ರದ ಬ್ಯಾಗು ಈ ವಯಸ್ಸಿಗೆ ಬೇಡ. ಚಕ್ರ, ಹಿಡಿಕೆ ಸೇರಿ ಖಾಲಿ ಬ್ಯಾಗೇ ಭಾರ. ಮೆಟ್ಟಿಲು ಬಂದಾಗ ಅದನ್ನು ಎತ್ತಬೇಕಾದದ್ದು ಮಗುವೇ.

ಡಬ್ಬಿ: ಸ್ಟೀಲೋ ಪ್ಲಾಸ್ಟಿಕ್ಕೋ

ಬಾಳಿಕೆಯೊಂದನ್ನೇ ನೋಡಿದರೆ ಸ್ಟೀಲ್. ಒಡೆಯುವುದಿಲ್ಲ, ಕಲೆ ಹೀರುವುದಿಲ್ಲ, ವಾಸನೆ ಹಿಡಿಯುವುದಿಲ್ಲ. ಆದರೆ ಎಲ್ಲ ಸ್ಟೀಲ್ ಒಂದೇ ಅಲ್ಲ. 304 ಎನ್ನುವ ದರ್ಜೆಯಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕಲ್ ಇರುತ್ತದೆ. ಕೆಲವು ಪೆಟ್ಟಿಗೆಗಳ ಮೇಲೆ 18/8 ಎಂದು ಬರೆದಿರುವುದು ಇದನ್ನೇ. 200ರ ಸಾಲಿನ ಸ್ಟೀಲಿನಲ್ಲಿ ನಿಕಲ್‌ನ ಒಂದಷ್ಟು ಪಾಲಿನ ಬದಲು ಮ್ಯಾಂಗನೀಸ್ ಸೇರಿಸಿರುತ್ತಾರೆ. ಅಗ್ಗ, ನೋಡಲು ಅಷ್ಟೇ ಹೊಳಪು, ಆದರೆ ಉಪ್ಪಿನ ಅಂಶಕ್ಕೆ ಬೇಗ ಚುಕ್ಕೆ ಬೀಳುತ್ತದೆ.

ಅಯಸ್ಕಾಂತ ಹಚ್ಚಿ ಪರೀಕ್ಷೆ ಮಾಡಿ ಎಂದು ಬಹಳ ಜನ ಹೇಳುತ್ತಾರೆ. ಅದು ನಂಬುವಂಥ ಪರೀಕ್ಷೆ ಅಲ್ಲ. 304 ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟುವುದಿಲ್ಲ, ನಿಜ. ಆದರೆ 200ರ ಸಾಲಿನ ಸ್ಟೀಲೂ ಅಂಟುವುದಿಲ್ಲ. ಅಷ್ಟೇ ಅಲ್ಲ, ಒತ್ತಿ ಬಾಗಿಸಿದ ಮೂಲೆಗಳಲ್ಲಿ ಒಳ್ಳೆಯ 304 ಕೂಡ ಸ್ವಲ್ಪ ಅಂಟಬಹುದು. ಆದ್ದರಿಂದ ಡಬ್ಬಿಯ ಮೇಲೆ ದರ್ಜೆ ಅಚ್ಚಾಗಿರುವುದನ್ನೇ, ಗೊತ್ತಿರುವ ತಯಾರಕರದ್ದನ್ನೇ ಕೊಳ್ಳಿ. ಒಳಗೆ ಬೆರಳಾಡಿಸಿ ನೋಡಿ. ಅಂಚು ಒಳಕ್ಕೆ ಮಡಚಿ ನುಣ್ಣಗಾಗಿರಬೇಕು. ಖಾನೆಗಳ ನಡುವಿನ ಗೋಡೆಯನ್ನು ಚುಕ್ಕೆಚುಕ್ಕೆಯಾಗಿ ಬೆಸೆದಿದ್ದರೆ ಆ ಸಂದಿಯಲ್ಲಿ ಅನ್ನದ ಅಗುಳು ಸೇರಿಕೊಳ್ಳುತ್ತದೆ, ತೊಳೆದರೂ ಹೋಗುವುದಿಲ್ಲ. ಒಂದೇ ತಗಡಿನಿಂದ ಒತ್ತಿ ಮಾಡಿದ ಖಾನೆಗಳು ಮೇಲು.

ಪ್ಲಾಸ್ಟಿಕ್ ಬೇಕಾದರೆ ತಳ ತಿರುಗಿಸಿ. ತ್ರಿಕೋನದೊಳಗೆ 5 ಇದ್ದರೆ ಅದು ಪಾಲಿಪ್ರೊಪಿಲೀನ್. ಊಟದ ಡಬ್ಬಿಗೆ ಒಗ್ಗುವ ಪ್ಲಾಸ್ಟಿಕ್ ಅದು. ಬಿಸಿ ತಡೆಯುತ್ತದೆ, ಎಷ್ಟು ಸಲ ಬಾಗಿಸಿದರೂ ಬೇಗ ಮುರಿಯುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2018ರಲ್ಲಿ ಒಂದು ಸಲಹೆ ಕೊಟ್ಟಿತು. 3, 6, 7 ಸಂಖ್ಯೆಯ ಪ್ಲಾಸ್ಟಿಕ್ಕನ್ನು ಆದಷ್ಟು ದೂರವಿಡಿ, ಊಟವನ್ನು ಪ್ಲಾಸ್ಟಿಕ್ಕಿನಲ್ಲಿಟ್ಟು ಮೈಕ್ರೋವೇವ್ ಮಾಡಬೇಡಿ ಎಂದು. 5ರ ಡಬ್ಬಿಯಾದರೂ ಕುದಿಕುದಿಯುವ ಊಟ ಸುರಿಯಬೇಡಿ. ಒಳಮೈ ಗೀರು ಬಿದ್ದು ಒರಟಾದರೆ ಬದಲಿಸಿ. ಆ ಗೀರುಗಳಲ್ಲಿ ಜಿಡ್ಡು ಉಳಿಯುತ್ತದೆ.

ಮುಚ್ಚಳ

ಡಬ್ಬಿಯ ಆಯಸ್ಸು ಎಂದರೆ ಮುಚ್ಚಳದ ಆಯಸ್ಸು. ಕ್ಲಿಪ್ ಬಾಗುವ ಜಾಗದಲ್ಲಿ ಬಿಳಿ ಗೆರೆ ಕಾಣಿಸಿಕೊಂಡರೆ ಅದು ಮುರಿಯುವ ಸೂಚನೆ. ಸ್ಟೀಲ್ ಡಬ್ಬಿಯ ಕ್ಲಿಪ್ಪಾದರೆ ಅದನ್ನು ಡಬ್ಬಿಗೆ ಬೆಸೆದಿರುವ ಜಾಗ ಅಲ್ಲಾಡುತ್ತದಾ ನೋಡಿ. ಬಿಡಿ ಮುಚ್ಚಳ ಸಿಗುವ ಡಬ್ಬಿಯನ್ನೇ ಕೊಳ್ಳಿ, ಬಿಡಿ ರಬ್ಬರ್ ಒಂದನ್ನು ಅವತ್ತೇ ತೆಗೆದಿಟ್ಟುಕೊಳ್ಳಿ.

ರಬ್ಬರನ್ನು ಬಿಚ್ಚಿ ತೊಳೆಯಲು ಬರಬೇಕು. ಬಿಚ್ಚಲಾಗದ ರಬ್ಬರಿನ ಹಿಂದೆ ನೀರು ನಿಂತು ಕಪ್ಪು ಬೂಷ್ಟು ಬೆಳೆಯುತ್ತದೆ. ಬಾಟಲಿಯ ಸ್ಟ್ರಾ ಇರುವ ಮುಚ್ಚಳಕ್ಕೂ ಇದೇ ಮಾತು. ಪ್ರತಿ ಭಾಗವನ್ನೂ ಬಿಚ್ಚಿ ಉಜ್ಜಲು ಆಗದಿದ್ದರೆ ಅದು ಬೇಡವೇ ಬೇಡ.

ಈಗ ತುಂಬಾ ಮುಖ್ಯವಾದ ಒಂದು ವಿಷಯ. ಖಾಲಿ ಡಬ್ಬಿಯನ್ನು ಮಗು ಸಲೀಸಾಗಿ ತೆಗೆಯುತ್ತದೆ. ಶಾಲೆಯಲ್ಲಿ ಅದೇ ಡಬ್ಬಿ ತೆಗೆಯಲು ಬರುವುದಿಲ್ಲ. ಯಾಕೆ? ಬಿಸಿ ಊಟ ಹಾಕಿ ತಕ್ಷಣ ಬಿಗಿಯಾಗಿ ಮುಚ್ಚುತ್ತೇವೆ. ಒಳಗಿನ ಆವಿ ತಣ್ಣಗಾಗಿ ನೀರಾದಾಗ ಒಳಗೆ ಒತ್ತಡ ಕಡಿಮೆಯಾಗುತ್ತದೆ, ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿ ಹಿಡಿಯುತ್ತದೆ. ದೊಡ್ಡವರಿಗೇ ಕಷ್ಟವಾಗುವ ಬಿಗಿ ಅದು. ಮಗು ಚಮಚ ಹಾಕಿ ಮೀಟುತ್ತದೆ, ನೆಲಕ್ಕೆ ಕುಟ್ಟುತ್ತದೆ, ಇಲ್ಲವೇ ಊಟ ಮಾಡದೆ ಹಾಗೇ ವಾಪಸ್ ತರುತ್ತದೆ. "ಯಾಕೆ ತಿಂದಿಲ್ಲ" ಎಂದು ಗದರುವ ಮೊದಲು ಮುಚ್ಚಳವನ್ನು ಒಮ್ಮೆ ನೋಡಿ. ಎಷ್ಟೋ ಮಕ್ಕಳಿಗೆ ಇದನ್ನು ಬಾಯಿಬಿಟ್ಟು ಹೇಳಲು ಬರುವುದಿಲ್ಲ. ಆವಿ ಹೋಗುವಷ್ಟು ಹೊತ್ತು ಬಿಟ್ಟು ಮುಚ್ಚಿ. ಮುಚ್ಚಳದಲ್ಲಿ ಗಾಳಿ ಬಿಡುವ ಸಣ್ಣ ಗುಂಡಿ ಇದ್ದರೆ ಅದನ್ನು ಎತ್ತಲು ಹೇಳಿಕೊಡಿ. ಹೊಸ ಡಬ್ಬಿಯನ್ನು ರಜೆಯ ದಿನ ಊಟ ತುಂಬಿಸಿ, ಎರಡು ಗಂಟೆ ಬಿಟ್ಟು ಮಗುವಿನ ಕೈಗೆ ಕೊಡಿ. ಒದ್ದೆ ಕೈಯಲ್ಲಿ, ನೆಲದ ಮೇಲೆ ಕೂತು ತೆಗೆಯಲಿ. ಮೂರು ಮುಚ್ಚಳದ ಮೂರು ಡಬ್ಬಿಗಿಂತ ಒಂದೇ ಮುಚ್ಚಳದ ಖಾನೆ ಡಬ್ಬಿ ಒಳ್ಳೆಯದು. ಊಟದ ಬಿಡುವಿನಲ್ಲಿ ಒಂದೊಂದು ನಿಮಿಷವೂ ಮುಖ್ಯ.

ಸೋರುವುದನ್ನು ಪರೀಕ್ಷಿಸುವುದು ಸುಲಭ. ಅರ್ಧ ನೀರು ತುಂಬಿ, ಮುಚ್ಚಿ, ಒಣಗಿದ ಕಾಗದದ ಮೇಲೆ ಹತ್ತು ನಿಮಿಷ ತಲೆಕೆಳಗಾಗಿ ಇಡಿ. ಆಮೇಲೆ ಚೆನ್ನಾಗಿ ಅಲ್ಲಾಡಿಸಿ. ಕಾಗದ ಒದ್ದೆಯಾದರೆ ನಾಳೆ ಪುಸ್ತಕ ಒದ್ದೆಯಾಗುತ್ತದೆ.

ಊಟ ಬಿಸಿಯಾಗಿಯೇ ಇರಬೇಕೆಂದರೆ ನಿರ್ವಾತ ಇರುವ ಎರಡು ಗೋಡೆಯ ಸ್ಟೀಲ್ ಡಬ್ಬಿ ಬೇಕು. ಬೇಯಿಸಿದ ಊಟವನ್ನು ಎರಡು ಗಂಟೆಗಿಂತ ಜಾಸ್ತಿ ಹೊರಗೆ ಹಾಗೇ ಇಡಬೇಡಿ, ಬಿಸಿ ಊಟ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೇ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಊಟ ಹಾಕುವ ಮುಂಚೆ ಡಬ್ಬಿಗೆ ಕುದಿಯುವ ನೀರು ತುಂಬಿ ಐದು ನಿಮಿಷ ಮುಚ್ಚಿಡಿ. ಆಗ ಊಟದ ಬಿಸಿಯನ್ನು ಡಬ್ಬಿಯ ಗೋಡೆ ಕುಡಿಯುವುದಿಲ್ಲ. ಬಿದ್ದು ನೆಗ್ಗಿದ ಡಬ್ಬಿಗೆ ಬಿಸಿನೀರು ಹಾಕಿ ಹೊರಮೈ ಮುಟ್ಟಿ ನೋಡಿ. ಬಿಸಿ ಹತ್ತಿದರೆ ನಿರ್ವಾತ ಹೋಗಿದೆ ಎಂದರ್ಥ. ಇವು ಸ್ವಲ್ಪ ಭಾರ, ಮೊದಲು ಹೇಳಿದ ಎರಡು ಕಿಲೋ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಸಭೆಯಲ್ಲಿ ಬಂದ ಪ್ರಶ್ನೆಗಳು

ಒಬ್ಬ ತಾಯಿ, ಬ್ಯಾಗನ್ನು ವಾಷಿಂಗ್ ಮೆಷಿನ್‌ಗೆ ಹಾಕಬಹುದಾ ಎಂದು ಕೇಳಿದರು. ಬೇಡ. ತಿರುಗಾಟಕ್ಕೆ ಒಳಲೇಪ ಏಳುತ್ತದೆ. ತಣ್ಣೀರು, ಸ್ವಲ್ಪ ಸೋಪು, ಮೆತ್ತನೆಯ ಬ್ರಷ್ ಸಾಕು. ಎಲ್ಲ ಜಿಪ್ ಬಿಚ್ಚಿ ತಲೆಕೆಳಗಾಗಿ ನೆರಳಲ್ಲಿ ತೂಗುಹಾಕಿ. ಜಿಪ್ಪಿನೊಳಗಿನ ಮರಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಆಗಾಗ ತೆಗೆಯಿರಿ, ರನ್ನರ್ ಸವೆಯುವುದು ಮರಳಿನಿಂದಲೂ ಹೌದು.

ಅಕ್ಕನ ಬ್ಯಾಗು, ಡಬ್ಬಿಯನ್ನು ತಮ್ಮನಿಗೆ ಕೊಡಬಹುದಾ ಎಂದು ಇನ್ನೊಬ್ಬರು ಕೇಳಿದರು. ಸ್ಟೀಲ್ ಡಬ್ಬಿಯಾದರೆ ಧಾರಾಳವಾಗಿ ಕೊಡಿ, ರಬ್ಬರ್ ಮಾತ್ರ ಹೊಸದು ಹಾಕಿ. ಗೀರು ಬಿದ್ದ ಪ್ಲಾಸ್ಟಿಕ್ ಡಬ್ಬಿ ಬೇಡ. ಬ್ಯಾಗಾದರೆ ನಾನು ಹೇಳಿದ ನಾಲ್ಕು ಜಾಗ ನೋಡಿ, ಫೋಮ್ ಒತ್ತಿ ನೋಡಿ. ಹೊಲಿಗೆ ಬಿಡುವ ಮುಂಚೆಯೇ ಅಲ್ಲಿ ಇನ್ನೊಂದು ಸಾಲು ಹಾಕಿಸಿದರೆ ಇನ್ನೊಂದು ಮಗುವಿಗೆ ಆರಾಮಾಗಿ ಬರುತ್ತದೆ.

ಕೊನೆಗೆ, ಮಗು ಚಿತ್ರ ನೋಡಿ ಹಟ ಹಿಡಿದರೆ ಏನು ಮಾಡುವುದು ಎಂದು ಒಬ್ಬ ಅಪ್ಪ ಕೇಳಿದರು. ಮಗುವನ್ನು ಪೂರ್ತಿ ಅಂಗಡಿಯ ಮುಂದೆ ನಿಲ್ಲಿಸಬೇಡಿ. ಮೊದಲು ನೀವು ಹೊಲಿಗೆ, ಜಿಪ್, ತೂಕ ನೋಡಿ ಎರಡು ಮೂರು ಬ್ಯಾಗು ಬೇರೆ ಇಡಿ. ಅದರಲ್ಲಿ ಯಾವುದು ಬೇಕೋ ಮಗುವೇ ಆರಿಸಲಿ, ಬಣ್ಣದ ವಿಷಯಕ್ಕೆ ನೀವು ಬಾಯಿ ಹಾಕಬೇಡಿ. ತಾನೇ ಆರಿಸಿದ ಬ್ಯಾಗನ್ನು ಮಗು ಜೋಪಾನ ಮಾಡುವುದು ಜಾಸ್ತಿ. ಚಿತ್ರವೇ ಬೇಕೆಂದರೆ ಸಾದಾ ಬ್ಯಾಗು ತೆಗೆದುಕೊಂಡು ಚಿತ್ರದ ತುಂಡೊಂದನ್ನು ಹೊಲಿಸಿಕೊಡಿ. ಮುಂದಿನ ವರ್ಷ ಇಷ್ಟ ಬದಲಾದರೆ ಆ ತುಂಡನ್ನು ಬಿಚ್ಚಿ ಬೇರೆ ಹೊಲಿಸಬಹುದು.